ಬೀಟ್‌ರೂಟ್ ಉಪ್ಪಿನಕಾಯಿ: ಬಣ್ಣದ ಮಾತು, ಹುಳಿಯ ಲೆಕ್ಕ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣ ಸಂಘದ ವೇದಿಕೆಯ ಮೇಲೆ ಉಪ್ಪಿನಕಾಯಿಯ ಮಾತೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರ್ಯದರ್ಶಿಯವರು ಫೋನ್ ಮಾಡಿ, "ಮೇಡಂ, ವಿಷಯ ನಿಮಗೆ ಬಿಟ್ಟಿದ್ದು, ಮಕ್ಕಳಿಗೆ ಉಪಯೋಗವಾದರೆ ಸಾಕು" ಎಂದರು. ನಾನು ರಸಾಯನಶಾಸ್ತ್ರ ಕಲಿಸುವವಳು. ಹೋದ ವರ್ಷ ಇದೇ ಸಮಾವೇಶದ ಮಳಿಗೆಗೆ ಇಪ್ಪತ್ತಾರು ಬಾಟಲಿ ಬೀಟ್‌ರೂಟ್ ಉಪ್ಪಿನಕಾಯಿ ಬರಬೇಕಾಗಿತ್ತು. ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನೇ ಇವತ್ತು ಹೇಳುತ್ತೇನೆ. ಆ ಬಾಟಲಿಗಳನ್ನು ತಯಾರಿಸಿದ ಹುಡುಗಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾಳೆ.

ಅವಳು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಾಳೆ. ತಾಯಿ ಹೊಲಿಗೆ ಕೆಲಸ ಮಾಡುತ್ತಾರೆ. ಮಿಡಿ ಮಾವಿನ ಕಾಲದಲ್ಲಿ ತಾಯಿ ಮಗಳು ಇಬ್ಬರೂ ಉಪ್ಪಿನಕಾಯಿ ಹಾಕಿ ಓಣಿಯವರಿಗೆ, ಪರಿಚಯದವರಿಗೆ ಮಾರುತ್ತಾರೆ. ಬಸ್ ಪಾಸು, ಪರೀಕ್ಷೆಯ ಶುಲ್ಕ, ರೆಕಾರ್ಡ್ ಪುಸ್ತಕ ಎಲ್ಲವೂ ಆ ಹಣದಲ್ಲಿಯೇ ಆಗಬೇಕು. ಮಿಡಿ ವರ್ಷವಿಡೀ ಸಿಗುವುದಿಲ್ಲ, ಬೀಟ್‌ರೂಟ್ ಮಾತ್ರ ವರ್ಷವಿಡೀ ಸಿಗುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಜಾಣ ಲೆಕ್ಕವೇ. ಸಮಾವೇಶಕ್ಕೆ ಒಂದು ವಾರ ಇರುವಾಗ ಒಂದು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. "ಮೇಡಂ, ಬಣ್ಣ ನೋಡಿ" ಎಂದಳು.

ಬಣ್ಣ ನಿಜಕ್ಕೂ ಚೆನ್ನಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಮಾಣಿಕ್ಯದ ಹಾಗೆ ಹೊಳೆಯುತ್ತಿತ್ತು. ಹೇಗೆ ಮಾಡಿದೆ ಎಂದು ಕೇಳಿದೆ. "ಮಿಡಿಗೆ ಮಾಡೋ ಹಾಗೇ ಮೇಡಂ. ಬೇಯಿಸಿ ದೊಡ್ಡ ಹೋಳು ಮಾಡಿ, ಸಾಸಿವೆ ಖಾರ ಕಲಸಿ, ಕೆ.ಜಿ.ಗೆ ಎರಡು ನಿಂಬೆಹಣ್ಣು ಹಿಂಡಿದ್ದೀನಿ. ಬಿ.ಪಿ. ಇರೋರು ಕೇಳ್ತಾರೆ ಅಂತ ಉಪ್ಪು ಕಡಿಮೆ ಹಾಕಿದೆ. ಮೇಲೆ ಎಣ್ಣೆ ನಿಲ್ಲೋ ಹಾಗೆ ಸುರಿದಿದ್ದೀನಿ." ಹಾಕಿ ಹನ್ನೆರಡು ದಿನವಾಗಿತ್ತಂತೆ. ಬಾಟಲಿಗಳೆಲ್ಲ ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಕೂತಿದ್ದವು.

"ಮಿಡಿಗೆ ಮಾಡೋ ಹಾಗೇ" ಎಂದಳಲ್ಲ, ತೊಂದರೆ ಇದ್ದದ್ದು ಅಲ್ಲಿಯೇ.

ನಮ್ಮ ಜಿಲ್ಲೆಯವರಿಗೆ ಮಿಡಿ ಉಪ್ಪಿನಕಾಯಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾಗರ, ಹೊಸನಗರ, ರಿಪ್ಪನ್‌ಪೇಟೆ ಕಡೆಯ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಶರಾವತಿ, ವರದಾ, ಕುಮುದ್ವತಿ ನದಿಗಳ ಪಾತ್ರದಲ್ಲಿ ಬೆಳೆದ ಮರದ ಮಿಡಿ ಅದು. ತೊಟ್ಟು ಮುರಿದರೆ ಸೊನೆ ಚಿಮ್ಮಿ ಘಮ್ಮೆನ್ನುತ್ತದೆ. ಅದನ್ನು ಕಲ್ಲುಪ್ಪಿನಲ್ಲಿ ಹಾಕಿಟ್ಟಾಗ ಮಿಡಿಯೊಳಗಿನ ನೀರು ಹೊರಬಂದು, ಮಿಡಿ ಸುಕ್ಕಾಗಿ, ಭರಣಿಯಲ್ಲಿ ಉಪ್ಪುನೀರು ನಿಲ್ಲುತ್ತದೆ. ಆಮೇಲೆ ಆ ನೀರಿನಲ್ಲೇ ಖಾರ ಸಾಸಿವೆ ಅರೆದು ಹಾಕುತ್ತಾರೆ. ಎಣ್ಣೆಯ ಕೆಲಸ ಅಲ್ಲಿ ಹೆಚ್ಚೇನೂ ಇಲ್ಲ. ಹೀಗಿದ್ದೂ ಅದು ವರ್ಷಗಟ್ಟಲೆ ಕೆಡುವುದಿಲ್ಲ.

ಅದನ್ನು ಕಾಯುವವರು ಇಬ್ಬರು. ಒಬ್ಬರು ಉಪ್ಪು, ಇನ್ನೊಬ್ಬರು ಮಿಡಿಯೊಳಗೆ ಹುಟ್ಟಿನಿಂದಲೇ ಇರುವ ಹುಳಿ. ಅಜ್ಜಿಯಂದಿರು ಉಪ್ಪನ್ನು ಮಾತ್ರ ಅಳೆದರು. ಹುಳಿಯನ್ನು ಅಳೆಯುವ ಅಗತ್ಯವೇ ಬರಲಿಲ್ಲ, ಅದನ್ನು ಮಾವಿನ ಮರವೇ ಅಳೆದು ಕೊಟ್ಟಿತ್ತು. ಹುಳಿಯ ಪ್ರಮಾಣವನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಎಳೆ ಮಾವು 3ರ ಆಸುಪಾಸಿನಲ್ಲಿರುತ್ತದೆ. ಬೀಟ್‌ರೂಟ್ ಸುಮಾರು 5.3ರಿಂದ 6.6ರ ನಡುವೆ. ನಾಲಿಗೆಗೆ ಅದು ಸಿಹಿಗೆಡ್ಡೆ. ಅದರಲ್ಲಿ ಕಾವಲುಗಾರನೇ ಇಲ್ಲ. ನಮ್ಮ ಹುಡುಗಿ ಉಪ್ಪನ್ನೂ ಕಡಿಮೆ ಮಾಡಿದ್ದಳು. ಮನೆಯ ಎರಡೂ ಬಾಗಿಲು ತೆರೆದಿಟ್ಟ ಹಾಗಾಯಿತು.

ಬರುವ ಕಳ್ಳ ಯಾರು ಎಂದು ವಿಜ್ಞಾನದ ಮಕ್ಕಳು ಕೇಳಬೇಕು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವಾಸಿಸುತ್ತದೆ. ಬೀಟ್‌ರೂಟ್ ಮಣ್ಣಿನೊಳಗೆ ಬೆಳೆಯುವ ಗೆಡ್ಡೆ. ಈ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ಬೆಚ್ಚಗಿನ ಜಾಗ ಸಿಕ್ಕರೆ ಅವು ಮೊಳೆತು ವಿಷ ತಯಾರಿಸುತ್ತವೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅಥವಾ ನೀರಿನಂಶದಲ್ಲಿ ಶೇ. 10ರಷ್ಟು ಉಪ್ಪಿದ್ದರೆ ಬೆಳೆಯಲಾರವು. ಹಾಗಾದರೆ ಮೇಲೆ ಸುರಿದ ಎಣ್ಣೆ ಮಾಡಿದ್ದೇನು? ಮಾವಿನ ಉಪ್ಪಿನಕಾಯಿಯಲ್ಲಿ ಎಣ್ಣೆ ಗಾಳಿಯನ್ನು ತಡೆದು ಬೂಷ್ಟು ಬಾರದ ಹಾಗೆ ನೋಡಿಕೊಳ್ಳುತ್ತದೆ. ಹುಳಿಯಿಲ್ಲದ ಗೆಡ್ಡೆಯ ಮೇಲೆ ಅದೇ ಎಣ್ಣೆ ಈ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ ಕೋಣೆ ಕಟ್ಟಿಕೊಡುತ್ತದೆ. ಬರೀ ಎಣ್ಣೆಯಲ್ಲಿ ಬೆಳ್ಳುಳ್ಳಿ ಮುಳುಗಿಸಿ ತಿಂಗಳುಗಟ್ಟಲೆ ಹೊರಗಿಡುವವರೂ ಇದನ್ನು ಗಮನಿಸಬೇಕು.

ಈ ಕಾಯಿಲೆ ಅಪರೂಪ. ನಿಮ್ಮನ್ನು ಹೆದರಿಸಲು ನಾನು ಬಂದಿಲ್ಲ. ಆದರೆ ಬಂದರೆ ಭಯಂಕರ. ಸಾಮಾನ್ಯವಾಗಿ 12ರಿಂದ 36 ಗಂಟೆಗಳಲ್ಲಿ ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲು ಆಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು. ಇಂಥ ಲಕ್ಷಣ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ವೈದ್ಯರಿಗೆ ಹೇಳಬೇಕು. ವಿಷ ಬೆರೆತ ಆಹಾರಕ್ಕೆ ಕೆಟ್ಟ ವಾಸನೆಯಾಗಲಿ, ಕೆಟ್ಟ ರುಚಿಯಾಗಲಿ ಇರಲೇಬೇಕೆಂದೇನೂ ಇಲ್ಲ.

ಮತ್ತೆ ಬಾಟಲಿಯ ಕಥೆಗೆ ಬರೋಣ. ಲ್ಯಾಬಿನಲ್ಲಿ ಪಿಎಚ್ ಕಾಗದ ಇತ್ತು. ಅದ್ದಿದರೆ ಕಾಗದವೇ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ ಏನೂ ತಿಳಿಯಲಿಲ್ಲ. ಪಿಎಚ್ ಮೀಟರ್ ತೆಗೆದೆವು. ಮೇಲಿನ ರಸ 4.4 ತೋರಿಸಿತು. ಹುಡುಗಿಯ ಮುಖ ಅರಳಿತು. ಒಂದು ಹೋಳನ್ನು ಜಜ್ಜಿ ಅದನ್ನು ಅಳೆಯೋಣ ಎಂದೆ. 5.2 ಬಂತು. ಹುಳಿ ಹೊರಗೇ ನಿಂತಿತ್ತು, ಹೋಳಿನ ಹೊಟ್ಟೆಗೆ ಇಳಿದಿರಲಿಲ್ಲ.

ಇಂಥದ್ದೇ ಒಂದು ಪ್ರಕರಣ 1997ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದದ್ದು ವೈದ್ಯಕೀಯ ದಾಖಲೆಯಲ್ಲಿದೆ. 68 ವರ್ಷದ ಒಬ್ಬರು ಬೇಯಿಸಿದ ಮೊಟ್ಟೆಗಳನ್ನು ಬೀಟ್‌ರೂಟ್, ಮೆಣಸಿನಕಾಯಿ, ವಿನಿಗರ್ ಜೊತೆ ಮನೆಯಲ್ಲೇ ಉಪ್ಪಿನಕಾಯಿ ಹಾಕಿ, ಫ್ರಿಜ್ಜಿನಲ್ಲಿ ಇಡದೆ ಹೊರಗಿಟ್ಟಿದ್ದರು. ಅದನ್ನು ತಿಂದು ಬಾಟುಲಿಸಂ ಕಾಯಿಲೆಗೆ ಗುರಿಯಾದರು. ದ್ರವ ಹುಳಿಯಾಗಿಯೇ ಇತ್ತು. ಮೊಟ್ಟೆಯ ಹಳದಿಯೊಳಗೆ ಮಾತ್ರ ಹುಳಿ ಇಳಿದಿರಲಿಲ್ಲ.

ಇಪ್ಪತ್ತಾರು ಬಾಟಲಿಗೆ ಈಗ ವಿನಿಗರ್ ಸುರಿದರೆ ಆಗುವುದಿಲ್ಲವೇ ಎಂದು ಅವಳು ಕೇಳಿದಳು. ನೀವೂ ಕೇಳುತ್ತೀರಿ. ಆಗುವುದಿಲ್ಲ. ಹನ್ನೆರಡು ದಿನ ಬೆಚ್ಚಗೆ ಕೂತ ಬಾಟಲಿಯಲ್ಲಿ ವಿಷ ಹುಟ್ಟಿದ್ದರೆ ಹುಳಿ ಅದನ್ನು ತೆಗೆಯಲಾರದು. ಮರುದಿನ ತಾಯಿಯೇ ಕಾಲೇಜಿಗೆ ಬಂದರು. "ಆಪಾ, ನಾನೇ ರುಚಿ ನೋಡಿದ್ದೀನಿ, ಏನೂ ಆಗಿಲ್ಲ. ಗೆಡ್ಡೆ, ಎಣ್ಣೆ, ಬಾಟಲಿ ಎಲ್ಲಾ ಸಾಲ ತಂದು ಹಾಕಿದ್ದು" ಎಂದರು. ಅವರ ಮಾತು ಸುಳ್ಳಲ್ಲ. ಬಹುಶಃ ಇಪ್ಪತ್ತಾರರಲ್ಲಿ ಒಂದರಲ್ಲೂ ಏನೂ ಇರಲಿಲ್ಲ. ಇರಲೂಬಹುದಿತ್ತು. ನೋಡಿ ಹೇಳುವ ದಾರಿ ನನ್ನ ಲ್ಯಾಬಿನಲ್ಲಿ ಇರಲಿಲ್ಲ. ಆ ತಾಯಿಗೆ ಉತ್ತರ ಹೇಳುವುದು ನನಗೆ ಕಷ್ಟವಾಯಿತು. ಸಂಬಳ ಬರುವವಳು ಸಾಲ ಮಾಡಿದವರಿಗೆ "ಚೆಲ್ಲಿ" ಎನ್ನುವುದು ಸುಲಭದ ಮಾತಲ್ಲ. ಕೊನೆಗೆ ನಿರ್ಧಾರ ಮಾಡಿದವಳು ಮಗಳು. "ಅಮ್ಮೀ, ಸಮಾವೇಶದಲ್ಲಿ ತಗೊಂಡವರು ಮಕ್ಕಳಿಗೂ ತಿನ್ನಿಸ್ತಾರೆ" ಎಂದಳು. ದನಗಳೂ ತಿನ್ನದ ಹಾಗೆ ಗುಂಡಿ ತೋಡಿ, ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಿದರು.

ಈಗ ಬಣ್ಣದ ವಿಷಯ. ಬೀಟ್‌ರೂಟಿನ ಕೆಂಪಿಗೆ ಬೀಟಾಲೈನ್ ಎಂಬ ವರ್ಣದ್ರವ್ಯಗಳ ಗುಂಪು ಕಾರಣ. ಅದೇ ಗುಂಪಿನ ಬಣ್ಣ ನಮ್ಮ ಕೆಂಪು ದಂಟಿನ ಸೊಪ್ಪಿನಲ್ಲಿದೆ, ಬೋಗನ್‌ವಿಲ್ಲಾದಲ್ಲಿದೆ, ಚಿಕ್ಕವರಿದ್ದಾಗ ಹಿಂಡಿ ಶಾಯಿ ಮಾಡುತ್ತಿದ್ದ ಬಸಳೆ ಹಣ್ಣಿನಲ್ಲಿದೆ. ಈ ಗುಂಪಿನಲ್ಲಿ ಕೆಂಪು ನೇರಳೆಯದು ಒಂದು ಬಗೆ, ಹಳದಿಯದು ಇನ್ನೊಂದು. ಹಳದಿ ಬೀಟ್‌ರೂಟ್ ಇರುವುದು ಹೀಗೆ. ಇಟಲಿಯ ಕಿಯೋಜಾ ಎಂಬ ಊರಿನ ಹೆಸರಿನ ತಳಿಯನ್ನು ಅಡ್ಡ ಕೊಯ್ದರೆ ಕೆಂಪು ಬಿಳಿ ಬಳೆಗಳು ಒಂದರೊಳಗೊಂದು ಕಾಣುತ್ತವೆ. ನಮ್ಮ ಗಾಂಧಿ ಬಜಾರಿನಲ್ಲಿ ಅದನ್ನು ಹುಡುಕಬೇಡಿ, ನಮ್ಮ ಕೆಂಪು ಗೆಡ್ಡೆಯೇ ಸಾಕು.

ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಅರಿಶಿನದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪಾಗುವುದು ನಿಮಗೆ ಗೊತ್ತು. ಬೀಟ್‌ರೂಟಿನ ಕೆಂಪು ನೀರಿಗೆ ಅದೇ ಸುಣ್ಣದ ತಿಳಿ ಹಾಕಿ. ಹಳದಿಯಾಗುತ್ತದೆ. ಆದರೆ ಆ ಕೆಂಪು ಪಿಎಚ್ 3ರಿಂದ 7ರ ತನಕ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ದಾಸವಾಳದ ರಸ ಹುಳಿ ಬಿದ್ದ ಕೂಡಲೇ ಬಣ್ಣ ಬದಲಿಸಿ ಸುದ್ದಿ ಹೇಳುತ್ತದೆ. ಬೀಟ್‌ರೂಟ್ ಹೇಳುವುದಿಲ್ಲ. ಕೆಟ್ಟ ಹುಳಿಯಲ್ಲೂ ಒಳ್ಳೆಯ ಹುಳಿಯಲ್ಲೂ ಅದೇ ಮಾಣಿಕ್ಯದ ಹೊಳಪು. ನನ್ನ ಮೇಜಿನ ಮೇಲಿದ್ದ ಬಾಟಲಿ ಅಷ್ಟು ಚೆಂದ ಕಂಡದ್ದು ಅದಕ್ಕೇ. ರಕ್ತದ ಬಣ್ಣ ಇರುವುದರಿಂದ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆಯೂ ಹೀಗೆಯೇ. ಕಬ್ಬಿಣದ ಅಂಶ ಬೇಕಿದ್ದವರು ದಂಟಿನ ಸೊಪ್ಪು ತಿನ್ನಿ, ಅದರಲ್ಲಿ ಹೆಚ್ಚಿದೆ. ಬೀಟ್‌ರೂಟ್ ತಿಂದ ಮರುದಿನ ಕೆಲವರಿಗೆ ಮೂತ್ರ ಕೆಂಪಾಗುತ್ತದೆ, ಅದೂ ರಕ್ತವಲ್ಲ. ನಮ್ಮ ಮನೆಯಲ್ಲೇ ಒಮ್ಮೆ ಇದರಿಂದ ಅರ್ಧ ರಾತ್ರಿಯಲ್ಲಿ ಆಟೋ ಕರೆಸಿದ್ದುಂಟು!

ಗೆಡ್ಡೆಯಲ್ಲಿ ಹುಳಿ ಇಲ್ಲದಿದ್ದರೆ ಹೊರಗಿನಿಂದ ಕೊಡಬೇಕು. ಅದಕ್ಕೆ ನಮ್ಮ ಮನೆಮಾತಿನ ಸಿರ್ಕಾ, ಅಂಗಡಿಯ ವಿನಿಗರ್. ಪ್ರವಾದಿಯವರ (ಸ) ಮನೆಯಲ್ಲಿ ರೊಟ್ಟಿಯ ಜೊತೆ ಸಿರ್ಕಾ ಬಳಸಿದ ಸಂಗತಿ ಹದೀಸ್ ಗ್ರಂಥಗಳಲ್ಲಿ ಬರುತ್ತದೆ. 1226ರಲ್ಲಿ ಬಗ್ದಾದಿನಲ್ಲಿ ಬರೆಯಲಾದ ಅಡುಗೆಯ ಗ್ರಂಥವೊಂದರಲ್ಲಿ ಸಿರ್ಕಾದಲ್ಲಿ ಹಾಕಿದ ತರಕಾರಿಗಳಿವೆ. ಅರಬ್ ನಾಡುಗಳಲ್ಲಿ ಇಂದಿಗೂ ಬಿಳಿಯ ಟರ್ನಿಪ್ ಗೆಡ್ಡೆಯ ಜಾಡಿಗೆ ಬೀಟ್‌ರೂಟಿನ ಒಂದೆರಡು ಬಿಲ್ಲೆ ಹಾಕಿ ಇಡೀ ಜಾಡಿಯನ್ನು ಗುಲಾಬಿ ಮಾಡುತ್ತಾರೆ. ಕೊಲ್ಲಿ ದೇಶಕ್ಕೆ ಹೋಗಿ ಬಂದವರು ಅದನ್ನು ತಿಂದಿರುತ್ತೀರಿ. ನಮ್ಮವರೇನೂ ಹಿಂದೆ ಬಿದ್ದಿರಲಿಲ್ಲ. 1594ರ ಗುರುಲಿಂಗ ದೇಶಿಕನ ಕನ್ನಡ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿದೆ ಎಂದು ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯನವರು ಬರೆದಿದ್ದಾರೆ.

ಭದ್ರಾವತಿಯವರಿಗೆ ಇನ್ನೊಂದು ಮಾತು. ವಿನಿಗರ್ ಹುಳಿಯಾಗಿರುವುದು ಅಸಿಟಿಕ್ ಆಮ್ಲದಿಂದ. 1923ರಲ್ಲಿ ನಿಮ್ಮೂರಿನ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಮರದ ಇದ್ದಿಲು. ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ ಇದ್ದಿಲು ಮಾಡುವಾಗ ಬರುವ ಹೊಗೆಯನ್ನು ವ್ಯರ್ಥವಾಗಿ ಬಿಡಲಿಲ್ಲ. ಅದನ್ನು ತಂಪು ಮಾಡಿ ಮರದ ಡಾಂಬರು, ಮರದ ಆಲ್ಕೋಹಾಲ್, ಅದರ ಹುಳಿಗೆ ಸುಣ್ಣ ಸೇರಿಸಿ ಅಸಿಟೇಟ್ ಲವಣ ತೆಗೆಯುತ್ತಿದ್ದರು. ಆ ಅಸಿಟೇಟಿನಿಂದ ಪಡೆಯುವುದು ಇದೇ ಅಸಿಟಿಕ್ ಆಮ್ಲವನ್ನೇ. ಅದು ಕೈಗಾರಿಕೆಗೆ ಬಳಸುವ ಸರಕು, ಅಡುಗೆಯದಲ್ಲ. ಇವತ್ತೂ ಕ್ಯಾನಿನಲ್ಲಿ ಸಿಗುವ ಗಾಢ ಆಮ್ಲವನ್ನು ಅಗ್ಗವೆಂದು ತಂದು ನೀರು ಬೆರೆಸುವ ಕೆಲಸ ಯಾರೂ ಮಾಡಬೇಡಿ. ಅದು ಚರ್ಮವನ್ನೇ ಸುಡುತ್ತದೆ.

ಈಗ ಪೆನ್ನು ತೆಗೆದುಕೊಳ್ಳಿ, ವಿಧಾನ ಹೇಳುತ್ತೇನೆ.

ಒಂದು ಕೆ.ಜಿ. ಬೀಟ್‌ರೂಟ್, ಮುಷ್ಟಿಗಿಂತ ಚಿಕ್ಕವಾದರೆ ಒಳ್ಳೆಯದು. ಮಣ್ಣು ಹೋಗುವಂತೆ ಉಜ್ಜಿ ತೊಳೆಯಿರಿ. ಮೇಲೆ ಒಂದು ಇಂಚು ತೊಟ್ಟು, ಕೆಳಗೆ ಬಾಲದ ಬೇರು ಹಾಗೇ ಇರಲಿ. ಸಿಪ್ಪೆ ತೆಗೆದು ಬೇಯಿಸಿದರೆ ಬಣ್ಣವೆಲ್ಲ ನೀರಿನ ಪಾಲು. ಸುಮಾರು ಅರ್ಧ ಗಂಟೆ, ಮೆತ್ತಗಾಗುವವರೆಗೆ ಬೇಯಿಸಿ ಆರಿಸಿದರೆ ಸಿಪ್ಪೆ ಕೈಯಲ್ಲೇ ಜಾರುತ್ತದೆ. ಆಮೇಲೆ ತೆಳ್ಳಗೆ, ಕಾಲಿಂಚಿನ ಬಿಲ್ಲೆ ಮಾಡಿ. ದೊಡ್ಡ ಹೋಳು ಬೇಡ. ಯಾಕೆಂದು ಈಗ ನಿಮಗೇ ಗೊತ್ತು.

ಶೇ. 5 ಆಮ್ಲದ ವಿನಿಗರ್ 300 ಮಿ.ಲೀ., ನೀರು 150 ಮಿ.ಲೀ., ಸಕ್ಕರೆ 125 ಗ್ರಾಂ, ಅರ್ಧ ಚಹಾ ಚಮಚ ಉಪ್ಪು, ನಾಲ್ಕು ಲವಂಗ, ಬೆರಳುದ್ದದ ಚಕ್ಕೆ. ಬಾಟಲಿಯ ಚೀಟಿಯಲ್ಲಿ ಶೇ. 4 ಎಂದಿದ್ದರೆ ನೀರು ಹಾಕಲೇಬೇಡಿ, ಆ ಪಾಲಿಗೂ ವಿನಿಗರನ್ನೇ ಹಾಕಿ. ಹುಳಿ ಹೆಚ್ಚಾಯಿತು ಅನ್ನಿಸಿದರೆ ಸಕ್ಕರೆ ಹೆಚ್ಚಿಸಿ, ವಿನಿಗರ್ ಇಳಿಸಬೇಡಿ. ಖಾರ ಬೇಕೆನ್ನುವವರು ಒಣಮೆಣಸು, ಸಾಸಿವೆ ಹಾಕಿಕೊಳ್ಳಬಹುದು. ಸ್ಟೀಲ್ ಅಥವಾ ಎನಾಮಲ್ ಪಾತ್ರೆಯಲ್ಲೇ ಕುದಿಸಿ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಹುಳಿಗೆ ಆಗಿಬರುವುದಿಲ್ಲ. ಕುದಿಯುವಾಗ ಒಂದು ಈರುಳ್ಳಿ ಹೆಚ್ಚಿ ಹಾಕಿ, ಬಿಲ್ಲೆಗಳನ್ನೂ ಸೇರಿಸಿ ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು, ಕುದಿನೀರಿನಲ್ಲಿ ತೊಳೆದ ಗಾಜಿನ ಬಾಟಲಿಗೆ ತುಂಬಿ. ಬಿಲ್ಲೆಗಳು ರಸದಲ್ಲಿ ಪೂರ್ತಿ ಮುಳುಗಿರಬೇಕು. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ವಾರ ಬಿಟ್ಟು ತೆಗೆಯಿರಿ, ತಿಂಗಳೊಳಗೆ ಮುಗಿಸಿ. ಬೆಳಕಿಗಿಟ್ಟರೆ ಬಣ್ಣ ಮಾಸುತ್ತದೆ.

ಹೊರಗಿಟ್ಟು ಮಾರುವಂತೆ ಮಾಡಬೇಕೆಂದರೆ ಗಾಳಿಯಾಡದ ಮುಚ್ಚಳದ ಬಾಟಲಿಗಳನ್ನು ತುಂಬಿದ ಮೇಲೆ ಕುದಿನೀರಿನಲ್ಲಿ ಮುಳುಗಿಸಿ ಕಾಯಿಸಬೇಕು. ವಿದೇಶದ ಪುಸ್ತಕಗಳಲ್ಲಿ 30 ನಿಮಿಷ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ನಮ್ಮ ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ 35 ನಿಮಿಷ ಬೇಕು. ಕುದಿಬಿಂದುವಿನ ಪಾಠ ಮಾಡುವಾಗ ಯಾವ ಹುಡುಗಿಯೂ ಇದನ್ನು ನನ್ನಲ್ಲಿ ಕೇಳಿರಲಿಲ್ಲ.

ಬಣ್ಣಬಣ್ಣದ ಜಾಡಿ ಬೇಕಾದರೆ ಮೂಲಂಗಿ, ನವಿಲುಕೋಸುಗಳನ್ನು ತೆಳ್ಳಗೆ ಹೆಚ್ಚಿ, ಅದೇ ಅಳತೆಯ ವಿನಿಗರ್ ರಸಕ್ಕೆ ಹಾಕಿ, ನಡುವೆ ಎರಡೇ ಬಿಲ್ಲೆ ಬೀಟ್‌ರೂಟ್ ಇಡಿ. ಮೊದಲ ದಿನ ಬಿಳಿ, ಮೂರನೇ ದಿನಕ್ಕೆ ಗುಲಾಬಿ. ಇದೂ ಫ್ರಿಜ್ಜಿನಲ್ಲಿಯೇ ಇರಬೇಕು.

ಮಾರುವ ಆಸೆಯಿದ್ದವರು ಮನೆಯ ಅಡುಗೆಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ಚೀಟಿಯ ಮೇಲೆ ತಯಾರಿಸಿದ ದಿನ, ಏನೇನು ಹಾಕಿದೆ ಎಂಬುದು ಇರಲಿ. ಪ್ರತಿ ಸಲ ಹಾಕಿದಾಗಲೂ ಒಂದು ಬಿಲ್ಲೆಯನ್ನು ಜಜ್ಜಿ ಪಿಎಚ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೀಟರ್ ನಿಮ್ಮ ಶಾಲಾ ಕಾಲೇಜಿನ ಲ್ಯಾಬಿನಲ್ಲಿ ಇರುತ್ತದೆ, ಕೇಳಿದರೆ ಯಾವ ಶಿಕ್ಷಕರೂ ಇಲ್ಲ ಎನ್ನುವುದಿಲ್ಲ. ಅಂಕಿ 4.6ರ ಹತ್ತಿರ ಬಂದರೆ ಸಾಲದು, 4.2ಕ್ಕಿಂತ ಕೆಳಗಿರಲಿ ಎನ್ನುವುದು ನನ್ನ ಮಾತು. ಮೀಟರೂ ಒಮ್ಮೊಮ್ಮೆ ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತದೆ.

ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ಈಗ ಹನ್ನೊಂದು ಸಾಲುಗಳಿವೆ. ಕೊನೆಯದು 3.9. ಹಳೆಯ ಸಾಲದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಈ ಸಲ ಅವಳ ಬಾಟಲಿಗಳು ಹೊರಗೆ, ಎಡಗಡೆಯ ಮೂರನೇ ಮಳಿಗೆಯಲ್ಲಿ, ಐಸ್ ಪೆಟ್ಟಿಗೆಯೊಳಗೆ ಇವೆ. ರುಚಿ ನೋಡಿ. ಉಪ್ಪು ಕಡಿಮೆ, ಚಕ್ಕೆ ಹೆಚ್ಚು ಎಂದು ಧಾರಾಳವಾಗಿ ಹೇಳಿ, ತಿದ್ದಿಕೊಳ್ಳುತ್ತಾಳೆ. ಹುಳಿ ಕಡಿಮೆ ಮಾಡು ಎಂದು ಮಾತ್ರ ಕೇಳಬೇಡಿ, ಮಾಡುವುದಿಲ್ಲ.